ಸೇವಾ ದರ್ಜೆಯ ಗುಳಿಗೆ

ಆ ವರ್ಷದ ಚಳಿ ಬಳೆಗಾರ ಓಣಿಗೆ ಬಂದು ಇಳಿದುಕೊಂಡಿದೆ ಎಂದು ಗೊತ್ತಾದ ದಿನ ನಮ್ಮ ಮಿಲ್ಲಿನ ಸಾಹುಕಾರರು ಮಧ್ಯಾಹ್ನದ ಊಟ ಮುಟ್ಟಲಿಲ್ಲ. ಓಣಿಯವರ ಮೇಲಿನ ಮರುಕದಿಂದ ಎಂದು ಯಾರೂ ತಪ್ಪು ತಿಳಿಯಬಾರದು. ಆ ಓಣಿಯಲ್ಲಿದ್ದದ್ದು ಅರವತ್ತೆರಡು ಮನೆ. ಅವುಗಳಲ್ಲಿ ಒಲೆಗೆ ಹಾಕುವ ಗುಳಿಗೆಯನ್ನು ಚೀಲಗಟ್ಟಲೆ ಕೊಳ್ಳುವ ತಾಕತ್ತಿದ್ದವು ಮೂರೋ ನಾಲ್ಕೋ. ಉಳಿದವರು ಮನೆಯಿಂದ ಪಾತ್ರೆ ಹಿಡಿದುಕೊಂಡು ಬಂದು, ಅಂದಂದಿಗೆ ಬೇಕಾದಷ್ಟನ್ನು ಅಳೆಸಿಕೊಂಡು ಹೋಗುವ ಜನ. ಗೋದಾಮಿನಲ್ಲಿ ಸಾವಿರದ ನೂರು ಚೀಲ ಪೇರಿಸಿಟ್ಟುಕೊಂಡು ಕೂತ ಮನುಷ್ಯನಿಗೆ, ಚಳಿ ಇಂಥ ಕಡೆ ಹೋಗಿ ಬಿಡಾರ ಹೂಡಿದರೆ ಅನ್ನ ಗಂಟಲಲ್ಲಿ ಇಳಿಯುವುದಾದರೂ ಹೇಗೆ?

ನಮ್ಮೂರಿಗೆ ಚಳಿ ಮಾರ್ಗಶಿರದಲ್ಲಿ ಬರುತ್ತದೆ, ಒಂದು ಓಣಿಯನ್ನು ಹಿಡಿಯುತ್ತದೆ, ಹೋಳಿ ಹುಣ್ಣಿಮೆಯ ತನಕ ಅಲ್ಲೇ ಇರುತ್ತದೆ. ಆ ಓಣಿಯಲ್ಲಿ ಕೊಡದೊಳಗಿನ ನೀರು ಬೆಳಗಾಗುವುದರೊಳಗೆ ಕಲ್ಲಾಗಿರುತ್ತದೆ. ಪಕ್ಕದ ಓಣಿಯಲ್ಲಿ ಜನ ಬನಿಯನ್ನಿನಲ್ಲಿ ಕಟ್ಟೆಯ ಮೇಲೆ ಕೂತು ಗಾಳಿ ಬೀಸಿಕೊಳ್ಳುತ್ತಿರುತ್ತಾರೆ. ಚಳಿಯ ಓಣಿಯವರು ಊರಲ್ಲೆಲ್ಲ ತಿರುಗಬಹುದು, ಕೆಲಸಕ್ಕೆ ಹೋಗಬಹುದು, ಮದುವೆಯಲ್ಲಿ ಉಣ್ಣಬಹುದು. ಬೇರೆ ಓಣಿಯಲ್ಲಿ ಮಲಗಿ ನಿದ್ದೆ ಮಾತ್ರ ಮಾಡಬಾರದು. ಮಾಡಿದರೆ ಅವರ ಹಿಂದೆಯೇ ಚಳಿಯೂ ಎದ್ದು ಬಂದು ಹೊಸ ಜಾಗ ಹಿಡಿಯುತ್ತದೆ. ಹೀಗಾಗಿ ಚಳಿಗಾಲದಲ್ಲಿ ನಮ್ಮ ಬೀಗರ ಪ್ರೀತಿ ಸಂಜೆಯ ಚಹಾದ ತನಕ ಇರುತ್ತದೆ. ಆಮೇಲೆ ಯಾರಾದರೂ ಆಕಳಿಸಿದರೆ ಮನೆಯವರೇ ಅವರ ಚಪ್ಪಲಿ ಹುಡುಕಿಕೊಟ್ಟು ಸಾಗಹಾಕುತ್ತಾರೆ. ಪುರಸಭೆ ಇದಕ್ಕೆ ದಂಡವನ್ನೂ ಇಟ್ಟಿದೆ. ಹೊರಗಿನ ಊರುಗಳಲ್ಲಿ ಚಳಿ ಎಲ್ಲರಿಗೂ ಒಂದೇ ಸಮ ಬರುತ್ತದಂತೆ. ಅಂಥ ಊರುಗಳಿಗೆ ಮಾರೋಣವೆಂದರೆ ಅಲ್ಲಿ ಅವರವರದೇ ಮಿಲ್ಲುಗಳಿವೆ.

ನಾನು ನಮ್ಮ ಮಿಲ್ಲಿನಲ್ಲಿ ತೇವ ನೋಡುವವನು. ಸಾಮಿಲ್ಲುಗಳಿಂದ ಬಂದ ಗರಗಸದ ಹೊಟ್ಟನ್ನು ಡ್ರೈಯರಿನಲ್ಲಿ ಒಣಗಿಸಿ, ನುಣ್ಣಗೆ ಪುಡಿ ಮಾಡಿ, ಸಣ್ಣ ತೂತುಗಳ ಉಕ್ಕಿನ ಅಚ್ಚಿಗೆ ಹಾಕಿ ಒತ್ತಿದರೆ, ಒತ್ತಡದ ಕಾವಿಗೆ ಕಟ್ಟಿಗೆಯೊಳಗಿನ ಅಂಟೇ ಕರಗಿ ಪುಡಿ ಗಟ್ಟಿಯಾಗಿ, ಪೆನ್ಸಿಲ್ ದಪ್ಪದ ತುಂಡುಗಳಾಗಿ ಉದುರುತ್ತದೆ. ಪರವಾನಗಿಯಲ್ಲಿ ಅದರ ಹೆಸರು ಪೆಲೆಟ್. ಊರಿನವರು ಗುಳಿಗೆ ಎನ್ನುತ್ತಾರೆ. ನೂರಕ್ಕೆ ಹತ್ತರೊಳಗೆ ತೇವವಿದ್ದರೆ ಗುಳಿಗೆ ಬೆರಳ ನಡುವೆ ಚಟ್ಟನೆ ಮುರಿಯುತ್ತದೆ, ಒಲೆಯಲ್ಲಿ ಹೊಗೆಯಿಲ್ಲದೆ ಉರಿಯುತ್ತದೆ, ಒಂದು ಹಿಡಿ ಬೂದಿಯನ್ನೂ ಬಿಡುವುದಿಲ್ಲ. ಹೆಚ್ಚಾದರೆ ಮುರಿಯುವ ಬದಲು ಬಾಗುತ್ತದೆ, ಉರಿಯುವ ಬದಲು ಹೊಗೆಯಾಡುತ್ತದೆ. ತೇವ ಅಳೆಯುವ ಒಂದು ಸಣ್ಣ ಯಂತ್ರ, ಅಂಕೆ ಬರೆಯುವ ಒಂದು ಚೀಟಿ ಪುಸ್ತಕ, ಇಷ್ಟು ನನ್ನ ಆಯುಧ. ನಾನು ಚೀಟಿ ಬರೆಯದೆ ಒಂದು ಚೀಲವೂ ಗೇಟು ದಾಟುವಂತಿಲ್ಲ ಎನ್ನುವುದು ನಿಯಮ. ಸಾಹುಕಾರರು ಹೇಳಿದ ಅಂಕೆಯನ್ನೇ ನಾನು ಬರೆಯುವುದು ರೂಢಿ. ನಿಯಮ, ರೂಢಿ ಎರಡೂ ಒಂದಕ್ಕೊಂದು ಅಡ್ಡ ಬಾರದೆ ಹದಿನಾಲ್ಕು ವರ್ಷ ಸಂಸಾರ ಮಾಡಿಕೊಂಡಿದ್ದವು.

ಊಟ ಬಿಟ್ಟ ಮೂರನೆಯ ದಿನ ಮಹಾರುದ್ರಪ್ಪ ಸಾಹುಕಾರರು ನೀಲಗಂಗವ್ವನನ್ನು ತಮ್ಮ ಕೋಣೆಗೆ ಕರೆಸಿದರು. ನೀಲಗಂಗವ್ವ ನಮ್ಮಲ್ಲಿ ಚೀಲ ತುಂಬಿ ಬಾಯಿ ಹೊಲಿಯುವವಳು. ನಲವತ್ತರ ಆಚೀಚೆ ವಯಸ್ಸು, ಗಂಡ ಇಲ್ಲ, ಮಾವ ಫಕೀರಪ್ಪಜ್ಜನ ಜೊತೆ ಬಳೆಗಾರ ಓಣಿಯಲ್ಲಿ ಮನೆ. ಅವಳು ಬಂದಾಗ ನಾನು ಅಲ್ಲೇ ಚೀಟಿಗಳಿಗೆ ಸಹಿ ಹಾಕಿಸಿಕೊಳ್ಳುತ್ತ ನಿಂತಿದ್ದೆ.

"ಏನವಾ, ನಿಮ್ಮ ಓಣ್ಯಾಗ ಚಳಿ ಹೆಂಗೈತಿ?" ಎಂದು ಸಾಹುಕಾರರು ನೆಂಟರ ಕುಶಲ ಕೇಳುವವರಂತೆ ಕೇಳಿದರು.

"ಚಳಿ ಛಲೋ ಐತ್ರಿ. ನಾವು ಛಲೋ ಇಲ್ಲ," ಎಂದಳು ನೀಲಗಂಗವ್ವ. "ನಿನ್ನೆ ನಮ್ಮ ಮಾವನ ಹಲ್ಲಿನ ಸೆಟ್ಟು ಲೋಟದ ನೀರಾಗ ಗಡ್ಡಿ ಕಟ್ಟಿತ್ತು. ಒಲಿ ಮುಂದ ಹಿಡದು ಕರಗಿಸಿಕೊಟ್ಟ ಮ್ಯಾಲ ರೊಟ್ಟಿ ತಿಂದ್ರು."

ಸಾಹುಕಾರರು ತುಟಿಯಲ್ಲಿ ಚ್ಚು ಚ್ಚು ಎಂದರು. ಆಮೇಲೆ ವಿಷಯಕ್ಕೆ ಬಂದರು. "ಸಿರಿನಗರದಾಗ ನಮ್ಮ ಮನಿ ಐತಲ್ಲ, ಅಲ್ಲಿ ಪಡಸಾಲ್ಯಾಗ ಒಂದು ದಿವಾನ ಐತಿ. ನಾಳೆ ಮಧ್ಯಾಹ್ನ ನಮ್ಮಲ್ಲೇ ಊಟ ಮಾಡು. ಊಟ ಆದ ಮ್ಯಾಲ ಅಲ್ಲೇ ಒಂದು ತಾಸು ಅಡ್ಡಾಗು. ಕೆಲಸ ಅಷ್ಟ."

ನೀಲಗಂಗವ್ವ ನನ್ನ ಮುಖ ನೋಡಿದಳು. ನಾನು ಚೀಟಿ ಪುಸ್ತಕ ನೋಡಿದೆ. "ಪುರಸಭೆಯವ್ರು ದಂಡ ಹಾಕ್ತಾರಲ್ರಿ," ಎಂದಳು.

"ಪುರಸಭೆ ಅಧ್ಯಕ್ಷರ ಮನಿ ನಮ್ಮ ಮನಿಯಿಂದ ನಾಕನೇದು. ಚಳಿ ಬಂದ ಮ್ಯಾಲ ಅವ್ರಿಗೆ ಗುಳಿಗಿ ಕೊಡಾವ್ರು ಯಾರು? ದಂಡದ ಮಾತು ಬಿಡು."

"ನಿಮ್ಮ ಮನ್ಯಾಗೂ ಚಳಿ ಹೊಗತೈತಲ್ರಿ."

"ನಮಗ ಗುಳಿಗಿಗೇನು ಬರ ಐತೇನವಾ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. ಸಾಹುಕಾರರು ಪ್ರತಿಯಾಗಿ ಏನಾದರೂ ಕೇಳುತ್ತಾಳೆಂದು ಕಾದರು. ಅವಳು ಕೇಳಲಿಲ್ಲ. "ಮಾವಗ ಎಂಬತ್ತ ದಾಟ್ಯಾವ್ರಿ. ಹೋಳಿ ತನಕ ತಡೀತಾರೋ ಇಲ್ಲೋ ಅಂತ ನನಗ ಅಂಜಿಕಿ ಹತ್ತೇತಿ. ಮಲಗತೀನಿ," ಎಂದಳು. ಬಾಗಿಲ ತನಕ ಹೋದವಳು ತಿರುಗಿ, "ಮಧ್ಯಾಹ್ನ ನಿದ್ದಿ ಮಾಡಿದ ರೂಢಿ ಇಲ್ರಿ ನನಗ. ಬರದಿದ್ರ ಬೈಬ್ಯಾಡ್ರಿ," ಎಂದು ಸೇರಿಸಿದಳು.

ಬರದೇನು. ಮರುದಿನ ಸಾಹುಕಾರರ ಮನೆಯಲ್ಲಿ ಹೋಳಿಗೆ ಊಟ ಮಾಡಿ, ದಿವಾನದ ಮೇಲೆ ಹಾಸಿದ ಜಮಖಾನೆ ಕೊಳೆಯಾದೀತೆಂದು ಅದನ್ನು ಮಡಿಸಿ ಪಕ್ಕಕ್ಕಿಟ್ಟು ಮಲಗಿದವಳು, ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಮಿಲ್ಲಿಗೆ ಸೇರಿದಾಗಿನಿಂದ ಹನ್ನೊಂದು ವರ್ಷದ ಬಾಕಿ ನಿದ್ದೆ ಅದು. ಸಾಹುಕಾರರ ಹೆಂಡತಿ ಮೂರು ಸಲ ಬಂದು ಇಣುಕಿದರಂತೆ. ಮೂರನೆಯ ಸಲ ಬಂದಾಗ ಅವರ ಬಾಯಿಂದ ಬಿಳಿ ಉಸಿರು ಹೊರಟಿತಂತೆ.

ಸಿರಿನಗರದವರು ಚಳಿಯನ್ನು ಬರಮಾಡಿಕೊಂಡ ರೀತಿಯನ್ನು ಹೇಳಲೇಬೇಕು. ಅಲ್ಲಿನ ಒಂದೊಂದು ಮನೆಯಲ್ಲೂ ಗಾಜಿನ ಬಾಗಿಲಿನ, ತಾನೇ ಗುಳಿಗೆ ಎಳೆದುಕೊಳ್ಳುವ ಒಲೆಗಳಿದ್ದವು. ಎದುರು ಮನೆಯವರು ತಂದರೆಂದು ಇವರು, ಇವರು ತಂದರೆಂದು ಪಕ್ಕದವರು ತಂದಿಟ್ಟುಕೊಂಡು, ಚಳಿಯೇ ಬಾರದ್ದರಿಂದ ಅವುಗಳ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಿದ್ದರು. ಈಗ ಕುಂಡಗಳು ಕೆಳಗಿಳಿದವು. ಟ್ರಂಕಿನ ತಳದಿಂದ ಶಾಲುಗಳು ಮೇಲೆದ್ದವು. ಬೆಂಕಿಯ ಮುಂದೆ ಕೂತು ಫೋಟೋ ತೆಗೆಸಿಕೊಳ್ಳುವುದು, ಒಬ್ಬರು ಇನ್ನೊಬ್ಬರನ್ನು ಕಾಯಿಸಿಕೊಳ್ಳಲು ಕರೆಯುವುದು, ಇದೇ ಆಯಿತು. ಸಾಹುಕಾರರು ಒಂದೇ ರಾಶಿಯ ಗುಳಿಗೆಯನ್ನು ಕೆಂಪು ಚೀಲದಲ್ಲಿ ತುಂಬಿಸಿ ರಾಜ ದರ್ಜೆ ಎಂದರು, ಹಸಿರು ಚೀಲದಲ್ಲಿ ತುಂಬಿಸಿ ಮಂತ್ರಿ ದರ್ಜೆ ಎಂದರು. ಬೆಲೆ ಮೂರು ಪಟ್ಟಾಯಿತು. ರಾಜ ದರ್ಜೆ ಉರಿಸುವವರು ಮಂತ್ರಿ ದರ್ಜೆಯವರ ಮನೆಗೆ ಹೋದಾಗ, ಯಾಕೋ ಬೆಚ್ಚಗೇ ಆಗುವುದಿಲ್ಲ ಎಂದು ಭುಜ ಉಜ್ಜಿಕೊಳ್ಳುತ್ತಿದ್ದರು. ಎರಡಕ್ಕೂ ಚೀಟಿ ಬರೆದ ನನಗೆ ಮಾತ್ರ ಆ ಚಳಿಯ ಮರ್ಮ ಗೊತ್ತಿತ್ತು.

ಉತ್ಸವ ಹದಿನೆಂಟು ದಿನ ನಡೆಯಿತು. ಆಮೇಲೆ ತುಟಿ ಒಡೆದವು, ನಲ್ಲಿಗಳು ಸಿಡಿದವು, ಗುಲಾಬಿ ಗಿಡಗಳು ಸುಟ್ಟಂತೆ ಕಪ್ಪಾದವು. ಹೊಸ ಚಳಿ ಹಳೆಯದಾದ ಮೇಲೆ ಅದು ಬರೀ ಚಳಿ ಎನ್ನುವುದು ಅವರ ಗಮನಕ್ಕೆ ಬಂತು. ಹಿರಿಯ ವಕೀಲರೊಬ್ಬರ ಮನೆಯಲ್ಲಿ ಸಭೆ ಸೇರಿತು. ಚಳಿ ಎನ್ನುವುದು ಸ್ವಭಾವತಃ ಬಳೆಗಾರ ಓಣಿಗೆ ಸೇರಿದ್ದು, ಅಲ್ಲಿಯವರ ಮೈಗೆ ಅದು ರೂಢಿಯಾಗಿದೆ, ಅದನ್ನು ಅವರಿಂದ ಅಗಲಿಸಿ ಇಟ್ಟುಕೊಳ್ಳುವುದು ನ್ಯಾಯವಲ್ಲ ಎಂದು ವಕೀಲರು ಕಣ್ಣು ತುಂಬಿ ಮಾತಾಡಿದರು. ಚಳಿ ಪುನರ್ವಸತಿ ಸಮಿತಿ ಹುಟ್ಟಿತು. ಓಣಿಯವರು ಚಳಿಯನ್ನು ಮರಳಿ ಕರೆದುಕೊಂಡರೆ ಹೋಳಿಯ ತನಕ ಮನೆಗೆ ತಿಂಗಳಿಗೆ ಐದು ಚೀಲ ಗುಳಿಗೆ ಸಮಿತಿಯ ಕಡೆಯಿಂದ ಧರ್ಮಾರ್ಥ ಎಂದು ತೀರ್ಮಾನವಾಯಿತು.

ವಕೀಲರು ಇದನ್ನು ಬಳೆಗಾರ ಓಣಿಯ ಕಟ್ಟೆಯ ಮೇಲೆ ನಿಂತು ಹೇಳಿದಾಗ ನಮೂನೆಯ ಚೀಲ ಹಿಡಿದುಕೊಂಡು ನಾನೂ ಜೊತೆಗಿದ್ದೆ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಫಕೀರಪ್ಪಜ್ಜ, ಗೋಡೆಗೆ ಒರಗಿ ಬಿಸಿಲು ಕಾಯಿಸುತ್ತಿದ್ದವನು, ಬಾಯಿ ಬಿಟ್ಟ. "ಚಳಿ ಇವತ್ತಿಲ್ಲ ನಾಳೆ ನಮ್ಮಲ್ಲಿಗೇ ಬರೂದು. ಇಷ್ಟು ವರ್ಷ ಬರಿಗೈಲಿ ಬರತಿತ್ತು. ಈ ಸಲ ಗುಳಿಗಿ ತಗೊಂಡು ಬರತೈತಂತ. ಬರಲಿ ಬಿಡ್ರಿ."

"ಯಾವ ಗುಳಿಗಿ ಅಂತ ಕೇಳ್ರಿ ಮಾವ," ಎಂದಳು ಹಿಂದೆ ನಿಂತ ನೀಲಗಂಗವ್ವ. ಚೀಲ ತುಂಬುವವಳಿಗೆ ಚೀಲದೊಳಗಿನದು ಗೊತ್ತಿರುತ್ತದೆ.

"ನಂಬರ್ ಒನ್ ಮಾಲು," ಎಂದರು ವಕೀಲರು. ನನ್ನ ಕೈಯಲ್ಲಿದ್ದ ನಮೂನೆ ನಿಜಕ್ಕೂ ನಂಬರ್ ಒನ್ ಆಗಿತ್ತು. ನೀಲಗಂಗವ್ವ ಒಂದು ಗುಳಿಗೆ ತೆಗೆದು ಮುರಿದಳು, ಚಟ್ಟೆಂದಿತು. ಅವಳು ನನ್ನ ಕಡೆ ನೋಡಿ, "ಗುರುಪಾದಣ್ಣಾ, ಇದ ಬರತೈತಲ್ಲ?" ಎಂದು ಕೇಳಿದಳು. ನಾನು ತಲೆಯಾಡಿಸಿದೆ. ನನ್ನ ಕತ್ತು ಹದಿನಾಲ್ಕು ವರ್ಷದಿಂದ ಹಾಗೆ ಆಡಿ ಆಡಿ ಸಡಿಲವಾಗಿತ್ತು.

ಮರುದಿನ ವಕೀಲರು ಕೊರಳಲ್ಲಿ ಮಾಲೆ ಹಾಕಿಕೊಂಡು ಬಳೆಗಾರ ಓಣಿಯ ಒಂದು ಮನೆಯಲ್ಲಿ ಚಾಪೆಯ ಮೇಲೆ ಮಲಗಿ, ಸಮಾಜಕ್ಕಾಗಿ ಒಂದೂವರೆ ತಾಸು ಗೊರಕೆ ಹೊಡೆದರು. ಎದ್ದಾಗ ಸಿರಿನಗರದವರು ಚಪ್ಪಾಳೆ ತಟ್ಟಿದರು. ಚಳಿ ಓಣಿಗೆ ಮರಳಿತು.

ಈಗ ಗುಳಿಗೆ ಮಾಡಬೇಕಾಯಿತಲ್ಲ. ಒಳ್ಳೆಯ ಸರಕೆಲ್ಲ ಸಿರಿನಗರದ ಒಲೆಗಳಿಗೆ ಹೋಗಿ ಮುಗಿದಿತ್ತು. ಸಮಿತಿಯವರು ಕೊಡಲು ಒಪ್ಪಿದ ದರ ನೋಡಿ ಸಾಹುಕಾರರು ಮಿಲ್ಲಿನ ಹಿಂದಿನ ಅಂಗಳಕ್ಕೆ ಹೋದರು. ಅಲ್ಲಿ ಮಳೆಗೆ ನೆನೆದು ಬಿದ್ದಿದ್ದ ಹೊಟ್ಟು, ಮರದ ತೊಗಟೆ, ಶೇಂಗಾ ಸಿಪ್ಪೆ, ನೆಲ ಗುಡಿಸಿದ ಕಸ ಎಲ್ಲ ಇತ್ತು. ಡ್ರೈಯರನ್ನು ಅರ್ಧ ಹೊತ್ತು ಉರಿಸಿದರೆ ಸಾಕೆಂದು ಅಪ್ಪಣೆಯಾಯಿತು. ಹೊರಬಂದ ಮಾಲಿಗೆ ಬಿಳಿ ಚೀಲ, ಅದರ ಮೇಲೆ ಎರಡು ಕೈ ಮುಗಿದ ಚಿತ್ರ, ಕೆಳಗೆ ಸೇವಾ ದರ್ಜೆ ಎಂಬ ಹೆಸರು. ನಾನು ಯಂತ್ರ ಇಟ್ಟು ನೋಡಿದೆ.

"ಎಷ್ಟೈತಿ?" ಎಂದರು ಸಾಹುಕಾರರು.

"ಹತ್ತೊಂಬತ್ತು ಐತ್ರಿ."

"ಒಂಬತ್ತು ಅಂತ ಬರಿ."

ನಾನು ಪೆನ್ನು ಹಿಡಿದು ನಿಂತೆ. ಸಾಹುಕಾರರು ಬೇಸರಿಸಿಕೊಳ್ಳಲಿಲ್ಲ. ಅವರು ತಿಳಿಸಿ ಹೇಳುವ ಜಾತಿಯವರು. "ಹತ್ತೊಂಬತ್ತರೊಳಗ ಒಂಬತ್ತು ಐತೋ ಇಲ್ಲೋ?"

"ಐತ್ರಿ."

"ಇದ್ದದ್ದನ್ನ ಬರದ್ರ ಸುಳ್ಳು ಹೆಂಗಾಗತೈತಿ ಗುರುಪಾದ? ಧರ್ಮದ ಮಾಲಿಗೆ ಆ ಮುಂದಿನ ಹತ್ತು ಯಾಕ ಬೇಕು?"

ಇಷ್ಟು ಸ್ಪಷ್ಟವಾದ ಗಣಿತಕ್ಕೆ ಎದುರಾಡುವ ವಿದ್ಯೆ ನನಗಿರಲಿಲ್ಲ. ಒಂಬತ್ತು ಎಂದು ಬರೆದೆ. ಅರವತ್ತೆರಡು ಮನೆಗೂ ಚೀಲಗಳು ಹೋದವು. ಬಳೆಗಾರ ಓಣಿಯವರು ತಗಡಿನ ಒಲೆಗಳಲ್ಲಿ ಅವನ್ನು ಸುರಿದು ಹಚ್ಚಿದರು. ಒಲೆಯಿಂದ ಮೊದಲು ಹೊಗೆ ಬಂತು, ಆಮೇಲೂ ಹೊಗೆ ಬಂತು. ಹೊಗೆಗೆಂದು ಬಾಗಿಲು ತೆರೆದರೆ ಚಳಿ ಒಳಗೆ ಬರುತ್ತಿತ್ತು, ಚಳಿಗೆಂದು ಮುಚ್ಚಿದರೆ ಹೊಗೆ ಒಳಗೇ ಉಳಿಯುತ್ತಿತ್ತು. ಫಕೀರಪ್ಪಜ್ಜ ಬಾಗಿಲ ಪಕ್ಕದಲ್ಲೇ ಹಾಸಿಗೆ ಹಾಕಿಸಿಕೊಂಡು, ಒಮ್ಮೆ ತೆರೆಸುತ್ತ ಒಮ್ಮೆ ಮುಚ್ಚಿಸುತ್ತ ಎಂಟು ದಿನ ಕೆಮ್ಮಿದ. ಒಂಬತ್ತನೆಯ ದಿನ ಬೆಳಿಗ್ಗೆ ನೀಲಗಂಗವ್ವ ಚಹಾ ಕೊಡಲು ಹೋದಾಗ ತೀರಿಕೊಂಡಿದ್ದ. ಸಮಿತಿಯವರು ಒಂದು ಹಾರ ಕಳಿಸಿದರು. ಅಜ್ಜನಿಗೆ ವಯಸ್ಸಾಗಿತ್ತು ಎಂದು ಎಲ್ಲರೂ ಹೇಳಿದರು. ಅದೂ ಸುಳ್ಳಲ್ಲ, ಇದ್ದದ್ದೇ. ನಾನೂ ಮಣ್ಣಿಗೆ ಹೋಗಿದ್ದೆ. ಗುಂಡಿಯ ಹತ್ತಿರ ನಿಂತಾಗ ಓಣಿಯವರ ಬಟ್ಟೆಗಳಿಂದೆಲ್ಲ ನಮ್ಮ ಮಾಲಿನ ವಾಸನೆ ಬರುತ್ತಿತ್ತು.

ಹನ್ನೆರಡು ದಿನದ ಮೇಲೆ ನೀಲಗಂಗವ್ವ ಕೆಲಸಕ್ಕೆ ಬಂದಳು. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ನಾಲ್ಕು ಗುಳಿಗೆಗಳನ್ನು ನನ್ನ ಮೇಜಿನ ಮೇಲೆ ಇಟ್ಟು, ಅವುಗಳಲ್ಲಿ ಒಂದನ್ನು ನನ್ನ ಕಣ್ಣ ಮುಂದೆ ಹಿಡಿದು ಬಗ್ಗಿಸಿದಳು. ಅದು ಬಾಗಿ ಅರ್ಧ ಚಂದ್ರನಂತಾಯಿತು.

"ಇದ ಏನ್ರಿ ಒಂಬತ್ತು?"

ಅವಳು ಉತ್ತರಕ್ಕೆ ಕಾಯಲಿಲ್ಲ. ಮಧ್ಯಾಹ್ನದ ತನಕ ಚೀಲ ಹೊಲಿದಳು. ಊಟದ ಗಂಟೆ ಹೊಡೆದ ಮೇಲೆ ಬುತ್ತಿ ಬಿಚ್ಚಲಿಲ್ಲ. ಸೇವಾ ದರ್ಜೆಯ ಚೀಲಗಳ ರಾಶಿಯ ಮೇಲೆ ಹತ್ತಿ, ಕೈಯನ್ನು ತಲೆಗಿಟ್ಟುಕೊಂಡು ಮಲಗಿಬಿಟ್ಟಳು. ಸ್ವಲ್ಪ ಹೊತ್ತಿಗೆ ನಿದ್ದೆ ಬಂದದ್ದು ಅವಳ ಉಸಿರಿನಲ್ಲೇ ಗೊತ್ತಾಯಿತು. ಮಿಲ್ಲಿನ ಉಳಿದ ಇಪ್ಪತ್ತೆರಡು ಜನರಲ್ಲಿ ಪ್ರತಿಯೊಬ್ಬರೂ ಅದನ್ನು ನೋಡಿದರು. ಎಲ್ಲರಿಗೂ ಆ ಹೊತ್ತಿನಲ್ಲೇ ಬೇರೆ ಕಡೆ ಏನೋ ಕೆಲಸ ನೆನಪಾಯಿತು. ನಾನು ನನ್ನ ಯಂತ್ರದ ಗಾಜು ಒರೆಸುತ್ತ ಕೂತೆ. ಅಷ್ಟು ಸ್ವಚ್ಛವಾಗಿ ನಾನು ಅದನ್ನು ಎಂದೂ ಒರೆಸಿರಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಡ್ರೈಯರಿನ ಕೊಳವೆಯ ಮೇಲೆ ಬಿಳಿ ಹಿಮ ಕೂತಿತು. ಹೊಟ್ಟು ಹೆಪ್ಪುಗಟ್ಟಿ ಹೆಂಟೆಯಾಯಿತು. ಉಕ್ಕಿನ ಅಚ್ಚಿನ ತೂತುಗಳಲ್ಲಿ ಪುಡಿ ಕಲ್ಲಾಗಿ ಸಿಕ್ಕಿಕೊಂಡು ಮೋಟಾರು ಒಮ್ಮೆ ನರಳಿ ನಿಂತಿತು. ಬಳೆಗಾರ ಓಣಿಯಲ್ಲಿ ಜನ ಬಾಗಿಲು ತೆಗೆದು ಹೊರಗೆ ಬಂದು, ಕಂಬಳಿಗಳನ್ನು ಗೋಡೆಯ ಮೇಲೆ ಹರವಿದರಂತೆ. ನೀಲಗಂಗವ್ವ ಎದ್ದು ಮುಖ ತೊಳೆದುಕೊಂಡು ಮನೆಗೆ ಹೋದಳು. ಅವಳಿಗೆ ನೀನು ನಾಳೆಯಿಂದ ಬರಬೇಡ ಎಂದು ಹೇಳಲು ಸಾಹುಕಾರರಿಗೆ ಆಗಲಿಲ್ಲ. ನಾಳೆಯಿಂದ ಬರುವುದಕ್ಕೆ ಮಿಲ್ಲೇ ಇರಲಿಲ್ಲ.

ಚಳಿಯನ್ನು ಅಲ್ಲಿಂದ ಎಬ್ಬಿಸುವುದು ಸುಲಭವೆಂದು ಸಾಹುಕಾರರು ಮೊದಲು ತಿಳಿದಿದ್ದರು. ಮಿಲ್ಲಿನವನೊಬ್ಬ ಬೇರೆ ಕಡೆ ಹೋಗಿ ಮಲಗಿದರಾಯಿತು. ಬಾಯ್ಲರ್ ನೋಡಿಕೊಳ್ಳುವವನನ್ನು ಬಳೆಗಾರ ಓಣಿಗೇ ಕಳಿಸಿ ಒಂದು ಮನೆಯ ಜಗಲಿಯ ಮೇಲೆ ಮಲಗಿಸಿದರು. ಅವನು ಸುಖವಾಗಿ ನಿದ್ದೆ ಮಾಡಿ ಬಂದ, ಚಳಿ ಕದಲಲಿಲ್ಲ. ಲಾರಿ ತುಂಬುವವನನ್ನು ಕಳಿಸಿದರು; ಕದಲಲಿಲ್ಲ. ನಾನೂ ನನ್ನ ಮನೆಯಲ್ಲಿ ದಿನಾ ಮಲಗುತ್ತಿದ್ದೆ, ನಮ್ಮ ಓಣಿಯಲ್ಲಿ ಸೆಕೆಯೇ ಇತ್ತು. ಕೊನೆಗೆ ಪುರಸಭೆಯ ಗುಮಾಸ್ತ ದಪ್ಪ ಪುಸ್ತಕ ತೆಗೆದು ಓದಿ ಹೇಳಿದ. ಚಳಿ ಆ ಜಾಗದವರ ಹಿಂದೆ ಮಾತ್ರ ಹೋಗುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದವರು ಮಿಲ್ಲಿನವರು. ರಜೆ, ಆಸ್ಪತ್ರೆ ಎಂದು ಯಾರೂ ಹಕ್ಕು ಕೇಳಬಾರದೆಂದು ಸಾಹುಕಾರರು ಹದಿನಾಲ್ಕು ವರ್ಷದಿಂದ ಒಬ್ಬರ ಹೆಸರನ್ನೂ ಹಾಜರಿಯಲ್ಲಿ ಬರೆಸಿರಲಿಲ್ಲ. ಕಾಗದದ ಮೇಲೆ ಆ ಮಿಲ್ಲಿನಲ್ಲಿ ಇದ್ದದ್ದು ಒಂದೇ ಜೀವ, ಪರವಾನಗಿಯ ಮೇಲೆ ಹೆಸರಿದ್ದ ಮಹಾರುದ್ರಪ್ಪನವರು. ಚಳಿ ಕಾಗದಪತ್ರ ಓದುತ್ತದೆ ಎಂದು ನಮಗೆ ಆವತ್ತೇ ತಿಳಿದದ್ದು.

ಹೀಗೆ ಸಾಹುಕಾರರು ಚಳಿಯ ಮನುಷ್ಯರಾದರು. ಸಿರಿನಗರದ ಬಾಯಲ್ಲಿ ಸಮಿತಿಯವರು ಕಾವಲು ಹಾಕಿದರು. ಅವರ ಹೆಂಡತಿಯೇ ಕಿಟಕಿಯಿಂದ, "ಚಳಿ ಎಲ್ಲ್ಯರ ಬಿಟ್ಟು ಬರ್ರಿ, ಬಿಸಿ ಅನ್ನ ಹಾಕತೀನಿ," ಎಂದು ಹೇಳಿ ಬಾಗಿಲು ಹಾಕಿಕೊಂಡರು. ಬಸ್‌ ನಿಲ್ದಾಣದಲ್ಲಿ ಸಾಹುಕಾರರು ಮಲಗಿ ನೋಡಿದರು. ಒಲೆಯಿಲ್ಲದ ಜಾಗಕ್ಕೆ ಚಳಿ ಹೋಗುವುದಿಲ್ಲ. ರಾತ್ರಿಗಳನ್ನು ಮಿಲ್ಲಿನ ಕೋಣೆಯಲ್ಲೇ ಕಳೆಯಬೇಕಾಯಿತು. ಅಲ್ಲಿ ಉಳಿದಿದ್ದದ್ದು ಸೇವಾ ದರ್ಜೆ ಒಂದೇ. ಹಗಲು ಹೊತ್ತು, ಕಣ್ಣು ಕೆಂಪಗೆ ಮಾಡಿಕೊಂಡು, ಕಂಕುಳಲ್ಲಿ ದಿಂಬು ಇಟ್ಟುಕೊಂಡು, ಕೆಮ್ಮುತ್ತ ಮನೆ ಮನೆ ತಿರುಗಿದರು. ಊರಿನವರು ಅವರಿಗೆ ತೋರಿಸಿದ ಮರ್ಯಾದೆಯಲ್ಲಿ ಒಂದು ಎಳ್ಳಿನಷ್ಟೂ ಕಡಿಮೆ ಮಾಡಲಿಲ್ಲ. "ಬರ್ರಿ ಸಾಹುಕಾರ್ರ, ಕುಂದರ್ರಿ, ಚಾ ಕುಡೀರಿ," ಎನ್ನುತ್ತಿದ್ದರು. ಚಹಾ ಕುಡಿಯುವಾಗ ಮನೆಯವರೊಬ್ಬರು ಪಕ್ಕದಲ್ಲಿ ತಾಟು ಬಡಿಯುತ್ತ ನಿಲ್ಲುತ್ತಿದ್ದರು.

ಮೂರು ವಾರ ಕಳೆಯಿತು. ಬಳೆಗಾರ ಓಣಿ ಬೆಚ್ಚಗಿತ್ತು, ಸಿರಿನಗರ ಬೆಚ್ಚಗಿತ್ತು, ಊರಿಗೆ ಊರೇ ಬೆಚ್ಚಗಿತ್ತು. ಮಿಲ್ಲಿನ ಇಪ್ಪತ್ತಮೂರು ಜನರ ಮನೆಯಲ್ಲಿ ಮಾತ್ರ ಡಬ್ಬಿಗಳು ಬರಿದಾಗುತ್ತಿದ್ದವು. ನೀಲಗಂಗವ್ವ ಒಂದು ಖಾನಾವಳಿಯಲ್ಲಿ ಪಾತ್ರೆ ತಿಕ್ಕಲು ಹೋಗುತ್ತಿದ್ದಾಳೆಂದು ಕೇಳಿದೆ. ಒಂದು ದಿನ ಎದುರಿಗೆ ಸಿಕ್ಕಳು. ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ, ಮಾತೂ ಆಡಿಸಲಿಲ್ಲ, ದಾರಿಯಲ್ಲಿ ಕಂಬ ಬಂದರೆ ಬಳಸಿ ಹೋಗುವಂತೆ ಬಳಸಿ ಹೋದಳು.

ಮರುದಿನ ಮಧ್ಯಾಹ್ನ ಸಾಹುಕಾರರು ನಮ್ಮ ಮನೆಗೆ ಬಂದರು. ನಮ್ಮದು ಹಳೆ ಅಂಚೆ ಓಣಿ. ಸಾಲಾಗಿ ಮೂವತ್ತು ಸಣ್ಣ ಮನೆ. ದಿಂಬು ಇರಲಿಲ್ಲ. ಮಲಗಲು ಬಂದಿಲ್ಲ ಎಂದು ಬಾಗಿಲಲ್ಲೇ ಹೇಳಿದರು. ಮಿಲ್ಲನ್ನು ಮಾರಿಬಿಡುತ್ತೇನೆ, ಅಚ್ಚು, ಮೋಟಾರು ಎಲ್ಲ ಗುಜರಿಗೆ ಹಾಕಬೇಕು, ನೀನು ಒಂದು ಪಟ್ಟಿ ಮಾಡಿಕೊಡು ಎಂದರು. ನನ್ನ ಹೆಂಡತಿ ಶಕುಂತಲಾ ಕುರ್ಚಿ ಹಾಕಿ ಚಹಾ ಮಾಡಲು ಹೋದಳು. ಸಾಹುಕಾರರು "ಮೋಟಾರಿಗೆ ಎಷ್ಟು ಬರಬೌದು..." ಎಂದು ಶುರು ಮಾಡಿ, ಮುಂದಿನ ಮಾತಿಗೆ ಬಾಯಿ ತೆರೆದವರು ತೆರೆದ ಬಾಯಲ್ಲೇ ನಿದ್ದೆ ಹೋದರು. ಗಲ್ಲ ಎದೆಯ ಮೇಲೆ ಬಿತ್ತು.

ಶಕುಂತಲಾ ಚಹಾದ ಬದಲು ತಂ‍ಬಿಗೆ ನೀರು ಹಿಡಿದುಕೊಂಡು ಓಡಿಬಂದಳು. "ಎಬ್ಬಸ್ರಿ. ನೋಡ್ಕೋತ ಏನ ನಿಂತೀರಿ, ಮುಖಕ್ಕ ಹೊಡೀರಿ," ಎಂದಳು.

ನಾನು ತಂಬಿಗೆ ಕೈಗೆ ತೆಗೆದುಕೊಂಡೆ. ಸಾಹುಕಾರರ ಗಡ್ಡ ಬೆಳೆದಿತ್ತು. ಮೂಗಿನ ಹೊಳ್ಳೆಗಳ ಸುತ್ತ ಹೊಗೆಯ ಕಪ್ಪು ಕಟ್ಟಿತ್ತು. ನಿದ್ದೆಯಲ್ಲೇ ಕೆಮ್ಮಿದರು, ಎದೆಯ ಆಳದಿಂದ ಬಂದ ಒಣ ಕೆಮ್ಮು. ಆ ಕೆಮ್ಮನ್ನು ನಾನು ಬಳೆಗಾರ ಓಣಿಯ ಒಂದು ಬಾಗಿಲಿನ ಹತ್ತಿರ ಕೇಳಿದ್ದೆ. ಅಂಗಿಯ ಜೇಬಿನಲ್ಲಿ ಒಂದು ಮಡಿಸಿದ ಬಿಳಿ ಚೀಟಿ ಕಾಣುತ್ತಿತ್ತು, ನನ್ನದೇ ಅಕ್ಷರ ಇರಬೇಕು. ಇವರನ್ನು ಎಬ್ಬಿಸಿದರೆ ಮಿಲ್ಲು ಗುಜರಿಗೆ ಹೋಗುತ್ತದೆ, ಮುಂದಿನ ವರ್ಷ ಚಳಿ ಯಾವ ಓಣಿಗೆ ಹೋದರೂ ಅಲ್ಲಿ ಉರಿಸಲು ಏನೂ ಇರುವುದಿಲ್ಲ, ಅದು ಯಾವ ಓಣಿಗೆ ಹೋಗುತ್ತದೆ ಎಂಬುದೂ ಎಲ್ಲರಿಗೂ ಗೊತ್ತು. ಇದನ್ನೆಲ್ಲ ನಾನು ಆ ಹೊತ್ತಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಯೋಚಿಸಿದೆ ಎಂದು ಹೇಳಿದರೆ ಅದು ಇನ್ನೊಂದು ಒಂಬತ್ತಾದೀತು. ನನಗೆ ಅವರನ್ನು ಎಬ್ಬಿಸಲು ಕೈ ಬರಲಿಲ್ಲ, ಅಷ್ಟೇ. ತಂಬಿಗೆ ಕೆಳಗಿಟ್ಟು, ಒಳಗಿನಿಂದ ಒಂದು ಹೊದಿಕೆ ತಂದು ಅವರ ಮೊಣಕಾಲಿನ ಮೇಲೆ ಹಾಕಿದೆ.

"ಏನ ಮಾಡಾಕತ್ತೀರಿ?" ಎಂದಳು ಶಕುಂತಲಾ. ಜೋರಾಗಿ ಕೇಳಲಿಲ್ಲ. "ಓಣ್ಯಾಗ ಮೂವತ್ತು ಮನಿ ಅದಾವು. ಮಾಡಿದವ್ರು ನೀವು, ನಡಗಾವ್ರು ನಾವೆಲ್ಲಾರೂ?"

ನಮ್ಮಿಬ್ಬರ ನಡುವೆ ಕೂತು ಸಾಹುಕಾರರು ಎರಡು ತಾಸು ನಿದ್ದೆ ಮಾಡಿದರು. ಶಕುಂತಲಾ ಎದ್ದು ಹೋಗಿ ಅಟ್ಟದಿಂದ ಸ್ವೆಟರುಗಳನ್ನು ಇಳಿಸತೊಡಗಿದಾಗ ಕಿಟಕಿಯ ಗಾಜು ಮಸುಕಾಯಿತು.

ಓಣಿಯವರು ನನ್ನ ಜೊತೆ ಮಾತು ಬಿಟ್ಟರು. ಬಿಡದವರು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಮಿಲ್ಲು ಮಾತ್ರ ನಾಲ್ಕನೆಯ ದಿನ ಶುರುವಾಯಿತು. ಸಾಹುಕಾರರು ಮಾಡಿದ ಮೊದಲ ಕೆಲಸ ಹೊಸ ಹಾಜರಿ ಪುಸ್ತಕ ತರಿಸಿ ನೀಲಗಂಗವ್ವನೂ ಸೇರಿ ಇಪ್ಪತ್ತಮೂರು ಹೆಸರು ಬರೆಸಿದ್ದು. ಅವರ ಮನಸ್ಸು ಕರಗಿತೆಂದು ಊರಲ್ಲಿ ಕೆಲವರು ಹೊಗಳಿದರು. ಇನ್ನೊಮ್ಮೆ ಚಳಿ ಮಿಲ್ಲಿಗೆ ಬಂದರೆ ಹೊತ್ತುಕೊಂಡು ಹೋಗಲು ಇಪ್ಪತ್ತಮೂರು ಜನ ಇರಲಿ ಎಂದು ಅವರು ನನ್ನ ಹತ್ತಿರ ಹೇಳಿದ್ದನ್ನು ನಾನು ಯಾರಿಗೂ ಹೇಳಲು ಹೋಗಲಿಲ್ಲ. ಹೆಸರು ಹೆಸರೇ. ನೀಲಗಂಗವ್ವ ತನ್ನ ಹೆಸರಿನ ಮುಂದೆ ನಿಧಾನಕ್ಕೆ, ಒಂದೊಂದೇ ಅಕ್ಷರವಾಗಿ ಸಹಿ ಮಾಡಿದಳು.

ಮೊದಲ ಲಾಟು ಸಾಮಿಲ್ಲಿನ ತಾಜಾ ಹೊಟ್ಟಿನದು. ತೊಗಟೆಯಿಲ್ಲ, ಕಸವಿಲ್ಲ. ಡ್ರೈಯರ್ ಇಷ್ಟು ದಿನ ಹೆಪ್ಪುಗಟ್ಟಿ ನಿಂತದ್ದರಿಂದ ಇನ್ನೂ ಪೂರಾ ಕಾವು ಹಿಡಿದಿರಲಿಲ್ಲ. ಗೇಟಿನ ಹೊರಗೆ ನಮ್ಮ ಓಣಿಯವರು ಪಾತ್ರೆ, ಬುಟ್ಟಿ ಹಿಡಿದುಕೊಂಡು, ಕಿವಿಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದರು. ಮನೆಯಲ್ಲಿ ನಾಲ್ಕು ದಿನ ಸೌದೆಪುಳ್ಳೆ ಉರಿಸಿ ಕಣ್ಣು ಕೆಡಿಸಿಕೊಂಡಿದ್ದ ಶಕುಂತಲಾ ಸಾಲಿನ ಮುಂದೆಯೇ ಇದ್ದಳು. ನಾನು ಯಂತ್ರ ಇಟ್ಟೆ. ಹನ್ನೆರಡೂವರೆ ತೋರಿಸಿತು. ಈ ಸಲ ಸಾಹುಕಾರರು ಪಕ್ಕದಲ್ಲಿರಲಿಲ್ಲ, ಯಾರೂ ಇಷ್ಟೇ ಬರೆ ಎಂದು ಹೇಳಿರಲಿಲ್ಲ. ನಾನು ಗೇಟಿನ ಕಡೆ ಒಮ್ಮೆ ನೋಡಿ, ಹತ್ತು ಎಂದು ಬರೆದೆ.

ನೀಲಗಂಗವ್ವ ಚೀಲದ ಬಾಯಿ ಹೊಲಿಯುತ್ತಿದ್ದವಳು ದಬ್ಬಣ ಬಿಟ್ಟು ಎದ್ದು ಬಂದಳು. ಚೀಟಿ ಓದಿದಳು. ಆಮೇಲೆ ನನ್ನ ಕೈಯಿಂದ ಯಂತ್ರ ತೆಗೆದುಕೊಂಡು, ಇಷ್ಟು ವರ್ಷ ನಾನು ಮಾಡುವುದನ್ನು ನೋಡಿದ್ದಳಲ್ಲ, ಹಾಗೆಯೇ ಗುಳಿಗೆಗಳ ನಡುವೆ ಊರಿ, ಅಂಕೆ ನಿಲ್ಲುವ ತನಕ ಕಾದು ನೋಡಿದಳು.

"ನಿಮ್ಮ ಮನಿಯವ್ರು ನಿಂತಾರ ಗೇಟಿನಾಗ," ಎಂದಳು.

"ಹೌದು."

"ಇದನ್ನ ಅವ್ರ ಒಲಿಗೆ ಹಾಕತೀರಿ?"

ಅವಳು ಯಂತ್ರವನ್ನು ಮೇಜಿನ ಮೇಲಿಟ್ಟು, ಆಗಲೇ ಹೊಲಿದಿದ್ದ ಚೀಲದ ದಾರವನ್ನು ಹಲ್ಲಿನಿಂದ ಕಡಿದು, ಬಾಯಿ ಬಿಚ್ಚಿ, ಚೀಲವನ್ನು ಎಳೆದುಕೊಂಡು ಹೋಗಿ ಡ್ರೈಯರಿನ ಬಾಯಿಗೆ ಸುರಿದಳು. ಆಮೇಲೆ ಎರಡನೆಯದನ್ನು ಎಳೆದಳು. ಮೂರನೆಯದಕ್ಕೆ ನಾನು ಒಂದು ಬದಿ ಹಿಡಿದೆ. ಅವಳು ಬೇಡವೆನ್ನಲಿಲ್ಲ. ಹೊರಗೆ ಶಕುಂತಲಾ ನನ್ನ ಹೆಸರು ಹಿಡಿದು ಕೂಗಿ, ಏನು ನಡೆಯುತ್ತಿದೆ ಎಂದು ಕೇಳುತ್ತಿದ್ದಳು. ಇನ್ನೂ ಒಣಗಿಲ್ಲ, ನಾಳೆ ಬನ್ನಿ ಎಂದು ಹೇಳಲು ನಾನೇ ಗೇಟಿಗೆ ಹೋಗಬೇಕಾಯಿತು. ಆ ಇಪ್ಪತ್ತು ಹೆಜ್ಜೆ ನಡೆಯುವುದಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು.

ಆ ದಿನ ಹಳೆ ಅಂಚೆ ಓಣಿಯಲ್ಲಿ ಯಾರ ಮನೆಯಲ್ಲೂ ಗುಳಿಗೆಯ ಒಲೆ ಹೊತ್ತಲಿಲ್ಲ. ಮರುದಿನ ಸಂಜೆ ಹೊಗೆಯಿಲ್ಲದೆ ಹೊತ್ತಿತು. ಬಾಗಿಲು ಮುಚ್ಚಿಕೊಂಡು ಕೂತೆವು.